ಮುನ್ನೂರ ಹದಿಮೂರು

ನನ್ನ ಬಳಿ ಮುನ್ನೂರ ಹದಿಮೂರು ತಟ್ಟೆಗಳಿವೆ.
ಒಂದೂ ನನ್ನದಲ್ಲ.

ಕಾರಿಲ್ಲದ ಮನೆಯ ಕಾರ್ ಶೆಡ್ಡಿನಲ್ಲಿ
ಗೋಣಿಚೀಲ ಹಾಸಿ, ಇಪ್ಪತ್ತೈದರ ಕಂತೆ ಕಟ್ಟಿ
ಗೋಡೆಗೆ ಒರಗಿಸಿದ್ದೇನೆ.
ಯಡಿಯೂರಿನಿಂದ ಒಂದಿಷ್ಟು, ಕಾಮಾಕ್ಷಿಪಾಳ್ಯದಿಂದ ಒಂದಿಷ್ಟು,
ಅಟ್ಟ ಖಾಲಿ ಮಾಡುವವರು ಕೊಟ್ಟಿದ್ದು,
ಅಪಾರ್ಟ್‌ಮೆಂಟಿಗೆ ಹೋಗುವವರು ಬಿಟ್ಟಿದ್ದು.
ಅಂಚಿನಲ್ಲಿ ಹೆಸರು,
ಬಳೇಪೇಟೆಯ ಅಂಗಡಿ ಮುಂದೆ ಕಿರ್ರೆಂದು ಕೊರೆಸಿದ ಚುಕ್ಕಿ ಅಕ್ಷರ:
ವಿಶಾಲಾಕ್ಷಿ, ೧೨-೫-೭೪.
ಚಿ. ಶ್ರೀಪಾದನ ಉಪನಯನಕ್ಕೆ, ಸೋದರಮಾವ.
ಡೊರೋತಿ, ಕುಕ್ ಟೌನ್.
ಅ. ಗೌ. ಬ. ಅಂತ ಇನ್ನೊಂದು, ಯಾರೋ, ಏನೋ.

ಬಾಡಿಗೆ ಇಲ್ಲ. ನಿಯಮ ಎರಡೇ:
ತೊಳೆದು ತರಬೇಕು,
ಎಣಿಸಿ ಕೊಡಬೇಕು.

ಮೊದಲ ವರ್ಷ ಕೇಳಿಕೊಂಡು ಬಂದದ್ದು ನಾಲ್ಕು ಮನೆ.
"ಯಾರ್ಯಾರೋ ಉಂಡ ತಟ್ಟೆ" ಎಂದರು ಎದುರುಮನೆಯವರು.
ಹೋಟೆಲಿನಲ್ಲಿ ಯಾರೂ ಉಣ್ಣದ ತಟ್ಟೆ ಕೊಡುತ್ತಾರಾ
ಎಂದು ಕೇಳಬೇಕೆನಿಸಿತು; ಕೇಳಲಿಲ್ಲ.
ಅವರ ಮನೆಯ ನಾಮಕರಣದ ಮರುದಿನ
ಮೋರಿಯ ಬಾಯಿಗೆ ಥರ್ಮೋಕೋಲ್ ಮೆತ್ತಿಕೊಂಡಿತ್ತು.
ಪಾಯಸ ನೆಕ್ಕುತ್ತಿದ್ದ ಹಸು ಲೋಟವನ್ನೂ ಅಗಿಯುತ್ತಿತ್ತು,
ಎಲೆ ಅಡಿಕೆ ಅಗಿಯುವ ಹಾಗೆ, ಅವಸರವಿಲ್ಲದೆ.

ನಿಜ ಹೇಳುತ್ತೇನೆ, ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.
ಮಾರ್ಚ್ ತಿಂಗಳು. ಬೋರು ಬರೀ ಗಾಳಿ ಉಗುಳುತ್ತಿತ್ತು,
ಟ್ಯಾಂಕರಿನವನು ಫೋನು ಎತ್ತುತ್ತಿರಲಿಲ್ಲ.
ಮೂರನೇ ಕ್ರಾಸಿನ ನಸ್ರೀನ್ ಬಾಗಿಲಲ್ಲಿ ನಿಂತು ಕೇಳಿದಳು:
"ತೊಳೆಯೋದು ಯಾವ ನೀರಲ್ಲಿ, ಆಂಟಿ?
ಬಿಸಾಕೋ ತಟ್ಟೆಗೆ ನೀರೇ ಬೇಡವಲ್ಲ."
ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಬೆಳಗ್ಗೆ ಇಬ್ಬರೂ ಕೂತು ಅಳೆದೆವು.
ಒಣ ಬೂದಿಯಲ್ಲಿ ಮೊದಲು ಉಜ್ಜಿ ಆಮೇಲೆ ತೊಳೆದರೆ
ಐವತ್ತು ತಟ್ಟೆಗೆ ಎರಡೂವರೆ ಬಕೆಟ್ಟು.
ಕೊನೆಯ ನೀರು ಹೊಂಗೆ ಮರಕ್ಕೆ.
ಎರಡೂವರೆ ಅಂದರೆ ಎರಡೂವರೆ. ಸೊನ್ನೆ ಅಲ್ಲ.
ನಸ್ರೀನ್ ಅದನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆದಳು.
ಇನ್ನೂ ಅಳಿಸಿಲ್ಲ.

ಓಬಳಮ್ಮನ ಲೆಕ್ಕ ಬೇರೆ.
ಛತ್ರದ ಹಿಂದಿನ ಗಲ್ಲಿ ಗುಡಿಸುವುದು ಅವಳ ಪಾಲು, ಬೆಳಗಿನ ಐದೂವರೆಗೆ.
"ನಿನ್ನ ತಟ್ಟೆ ಹೋದ ದಿವಸ ಎರಡು ಮೂಟೆ ಕಮ್ಮಿ ಕಣಕ್ಕಾ."
"ಎಷ್ಟರಲ್ಲಿ?"
"ಹದಿನೇಳರಲ್ಲಿ."
ಇಬ್ಬರಿಗೂ ನಗು ಬಂತು. ಮೊದಲು ಅವಳಿಗೆ.

ಶ್ರಾವಣದಲ್ಲಿ ಅವಳೇ ಬಂದಳು.
ಮೊಮ್ಮಗಳಿಗೆ ಕಿವಿ ಚುಚ್ಚುವುದು, ಅರವತ್ತು ಜನ.
ಗೇಟಿನ ಹೊರಗೇ ನಿಂತಿದ್ದಳು.
"ನಾವು ಉಂಡಿದ್ದು ಅಂತ ಆಮೇಲೆ ಯಾರಾದರೂ..."
ಮುಗಿಸಲು ಬಿಡಲಿಲ್ಲ.
ಎರಡು ಕಂತೆ, ಮೇಲೆ ಹತ್ತು, ಎತ್ತಿ ಕೊಟ್ಟೆ.
ಎಲ್ಲಕ್ಕೂ ಮೇಲೆ ವಿಶಾಲಾಕ್ಷಿ ಇದ್ದಳು.

ಸೋಮವಾರ ತಿರುಗಿ ಬಂದವು, ಕನ್ನಡಿಯ ಹಾಗೆ.
ಎಣಿಸಿದೆ. ಅರವತ್ತೊಂದು.
ಮತ್ತೆ ಎಣಿಸಿದೆ.
ಹೆಚ್ಚಿಗೆ ಬಂದದ್ದರ ಅಂಚಿನಲ್ಲಿ
ಮೊಳೆಯಿಂದ ಗೀಚಿದ ಒಂದು ಸೊಟ್ಟ ಓ.
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ನಾಳೆ ವಾರ್ಡ್ ಕಚೇರಿಯಲ್ಲಿ ಸಭೆ. ಇದು ನಾಲ್ಕನೇ ಅರ್ಜಿ:
ಛತ್ರದ ಲೈಸೆನ್ಸು ನವೀಕರಿಸುವ ಮುಂಚೆ
ತೊಳೆಯುವ ಕಟ್ಟೆ ಇದೆಯೇ, ಮಳೆನೀರಿನ ತೊಟ್ಟಿ ಇದೆಯೇ,
ಹಿಂದಿನ ಗಲ್ಲಿಗೆ ಒಮ್ಮೆಯಾದರೂ ಬಂದು ನೋಡಿ.
ಮೂರು ಸಲವೂ ಎಂಜಿನಿಯರು "ಪರಿಶೀಲಿಸೋಣ" ಎಂದಿದ್ದಾರೆ,
ಪೇಪರ್ ಕಪ್ಪಿನಲ್ಲಿ ಟೀ ಹೀರುತ್ತ.
ಈ ಸಲ ಒಬ್ಬಳೇ ಹೋಗುತ್ತಿಲ್ಲ.
ಓಬಳಮ್ಮ ಅರ್ಧ ದಿನದ ರಜೆ ಹಾಕಿದ್ದಾಳೆ,
ಹದಿನೇಳು ಮೂಟೆಯ ಮಾತನ್ನು ಅವಳೇ ಆಡುತ್ತಾಳಂತೆ.
ನನ್ನ ಚೀಲದಲ್ಲಿ ಇಪ್ಪತ್ತು ಸ್ಟೀಲ್ ಲೋಟ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಸದ್ದು ಮಾಡುತ್ತವೆ,
ಬಟ್ಟೆ ಸುತ್ತಿ ಇಡಲಾ, ಎಂದಳು ನಸ್ರೀನ್.

ಬೇಡ ಎಂದೆ.