ನಡುವೆ ಒಂದು ಸಕಾರ

ಬೈತಖೋಲದ ಧಕ್ಕೆ, ಬೆಳಗಿನ ಐದೂವರೆ.
ಪಿಯೆದಾದ್ ಮಾವ್ಶಿ ಬುಟ್ಟಿಗೆ ಬರ್ಫ ಸುರಿಯುತ್ತಾಳೆ,
ನಾನು ಬಂಗಡೆ ಎಣಿಸುತ್ತೇನೆ:
ಉನೊ, ದೋಸ್, ತ್ರೆಸ್...
"ದೋಸೆಯೆ? ಇಷ್ಟು ಬೇಗ ಹಸಿವಾಯಿತೆ ಬ್ರದರಿಗೆ?"
ಹರಾಜು ಕೂಗುತ್ತಿದ್ದ ಶಾಣು ಹರಿಕಂತ್ರ
ಕೂಗು ನಿಲ್ಲಿಸಿ ನಗುತ್ತಾನೆ.

ವೀಸಾಕ್ಕೆ ಮೊಹರು ಬೀಳುವ ತನಕ ನನಗಿಲ್ಲಿ ರಜೆ.
ಮೂರು ವಾರ. ಹೆಚ್ಚೆಂದರೆ ನಾಲ್ಕು.
ಮಾವ್ಶಿ ನನ್ನ ಕೈ ನೋಡುತ್ತಾಳೆ: "ಇದೇನು ಗಂಟು?
ಜಪಸರ ಹಿಡಿದರೆ ಹೀಗೆ ಜಡ್ಡುಗಟ್ಟುತ್ತದೆಯೆ?"

ಪರಗ್ವೆಯಲ್ಲಿ ನನ್ನ ದಿನ ಇಷ್ಟೇ ಮಾವ್ಶಿ.
ನಾಲ್ಕೂಮುಕ್ಕಾಲಿಗೆ ಗಂಟೆ. ಹೊಡೆಯುವವನು ನಾನು,
ಕೇಳಿ ಎದ್ದು ಬರುವವನೂ ಹೆಚ್ಚಾಗಿ ನಾನೇ.
ಪ್ರಾರ್ಥನೆ, ಆಮೇಲೆ ಕೋಳಿಗೂಡು, ಆಮೇಲೆ
ಕೆಮ್ಮುವ ಪಂಪಿನ ಹಿಡಿಕೆ, ಮೂವತ್ತು ಬಾಲ್ದಿ ನೀರು.
ಕೆಂಪು ಧೂಳು. ಬಿಳಿ ಅಂಗಿ ಹಗ್ಗದ ಮೇಲೆ ಒಣಗುವಷ್ಟರಲ್ಲಿ
ಹಂಚಿನ ಬಣ್ಣ.
ಮಧ್ಯಾಹ್ನ ಹದಿನಾರು ಮಕ್ಕಳಿಗೆ ನಾನು ಭಾಗಾಕಾರ ಕಲಿಸುತ್ತೇನೆ,
ಅವರು ನನಗೆ ಕ್ರಿಯಾಪದ.
ಪಾಸಾಗುವವರು ಅವರೇ.

ಸಂಜೆ ಎತ್ತಿನ ಕೊಂಬಿನ ಲೋಟದಲ್ಲಿ
ತಣ್ಣಗೆ, ಕಹಿಯಾಗಿ, ಸೊಪ್ಪಿನ ನೀರು ಸುತ್ತು ಬರುತ್ತದೆ.
ಒಂದೇ ಕೊಳವೆ, ಎಲ್ಲರ ಬಾಯಿ.
ಇಲ್ಲಿ ಎಂಜಲೆಂದದ್ದು ಅಲ್ಲಿ ನೆಂಟಸ್ತಿಕೆ.
ಮೊದಲ ದಿನ ಅಂಗಿಯ ಅಂಚಿನಿಂದ ಕೊಳವೆ ಒರೆಸಿದೆ.
ಯಾರೂ ಏನೂ ಅನ್ನಲಿಲ್ಲ.
ಅನ್ನದೆ ಇದ್ದದ್ದು ಈಗಲೂ ಕೇಳಿಸುತ್ತದೆ.

ಅದೇ ವರ್ಷ ವಿಭೂತಿ ಬುಧವಾರ
ಫಾದರಿಗೆ ಜ್ವರ. ನಾಲ್ಕು ಮಾತು ನೀನೇ ಹೇಳು ಎಂದರು.
ರಾತ್ರಿಯಿಡೀ ಉರು ಹೊಡೆದು, ಬೆಳಿಗ್ಗೆ ನಿಂತು ಹೇಳಿದೆ:
ನಮ್ಮ ಮೀನುಗಳಿಗಾಗಿ ಅಳೋಣ,
ನಮ್ಮ ಮೀನುಗಳನ್ನು ದೇವರು ಕ್ಷಮಿಸಲಿ.

ಪೆಕಾದೊ ಎಂದರೆ ಪಾಪ,
ಪೆಸ್ಕಾದೊ ಎಂದರೆ ಮೀನು,
ನಡುವೆ ಒಂದು ಸಕಾರ, ತಾರ್ಲೆಯ ಮುಳ್ಳಿನಷ್ಟು.
ಮೀನೂರಿನವನ ಗಂಟಲಿಗೇ ಸಿಕ್ಕಬೇಕೆ?

ಮಾವ್ಶಿ ಬುಟ್ಟಿ ಹಿಡಿದುಕೊಂಡು ನಗುತ್ತಾಳೆ,
ಬರ್ಫ ಉದುರುವಷ್ಟು.
ಅಲ್ಲಿ ಯಾರೂ ನಗಲಿಲ್ಲ.
ಹಣೆಗೆ ಬೂದಿ ಹಚ್ಚಿಸಿಕೊಂಡು ದೋನ್ಯಾ ಎಸ್ತಾನಿಸ್ಲಾ
ಬಾಗಿಲ ಬಳಿ ಕಾದಿದ್ದಳು:
"ಯಾವ ಮೀನಿಗೆ ಅಳುತ್ತೀ ಹುಡುಗ? ನಿಮ್ಮ ಕಡೆಯದಕ್ಕೆ?"

ಆ ನಾಡಿಗೆ ಸಮುದ್ರವಿಲ್ಲ.
ಅಂದಿನಿಂದ ಗುರುವಾರ ಸಂಜೆ ಅವಳ ಹಟ್ಟಿಯಲ್ಲಿ
ನನ್ನ ಉಪದೇಶ ಇದೊಂದೇ:
ನೊಗ್ಲಿ ಹೇಗೆ ಹೊಳೆಯುತ್ತದೆ, ಇಸವಣ ಹೇಗೆ ಸೀಳುವುದು,
ತಿಸ್ರೆ ಆಯುವಾಗ ಕೆಸರು ಮೊಣಕಾಲನ್ನು ಹೇಗೆ ಕೇಳುತ್ತದೆ,
ಕೂರ್ಮಗಡದ ಹಿಂದೆ ದೋಣಿದೀಪ ಒಂದೊಂದಾಗಿ ಹೇಗೆ...
"ರಾತ್ರಿ ಸಮುದ್ರ ಇದ್ದಲ್ಲೇ ಇರುತ್ತದೆಯೆ?" ಕೇಳಿದಳು.
ಇಲ್ಲ, ಹೋಗುತ್ತದೆ. ಮತ್ತೆ ಬರುತ್ತದೆ.
ದಿನಕ್ಕೆರಡು ಸಲ.
"ಬರುತ್ತದೆಯೆ?"
ಅವಳ ಗಂಡ ಎಂದೋ ಬಂದರಿನ ಕೂಲಿಗೆಂದು ಅರ್ಜೆಂಟೀನಕ್ಕೆ ಹೋದವನು.
ಮುಂದೆ ಕೇಳಲಿಲ್ಲ. ಕೊಂಬಿನ ಲೋಟ
ಅಂದು ಮೊದಲು ನನ್ನ ಕೈಗೆ ಬಂತು.

"ಅದೆಲ್ಲ ಇರಲಿ," ಮಾವ್ಶಿ ಸೆರಗಲ್ಲಿ ಕಣ್ಣೊರೆಸಿ
ದನಿ ತಗ್ಗಿಸುತ್ತಾಳೆ, ಲೆಕ್ಕ ಕೇಳುವವಳ ಹಾಗೆ:
"ಎರಡು ವರ್ಷದಲ್ಲಿ ಎಷ್ಟು ಜನರನ್ನು ದೇವರ ಕಡೆ ತಂದೆ?"

ಒಬ್ಬರನ್ನೂ ಇಲ್ಲ ಮಾವ್ಶಿ.
ನಾನು ಹೋಗುವಾಗಲೇ ಅವರೆಲ್ಲ ಅಲ್ಲಿದ್ದರು,
ನನಗೆ ಜಾಗ ಮಾಡಿಕೊಟ್ಟರು.

ಅವಳು ಸುಮ್ಮನಾಗುತ್ತಾಳೆ. ಶಾಣುವಿನ ಕೂಗು ಮತ್ತೆ ಏರುತ್ತದೆ,
ಮುನ್ನೂರು, ಮುನ್ನೂರೈವತ್ತು.
"ಅವರ ಮಾತಲ್ಲಿ ಬಂಗಡೆಗೆ ಏನನ್ನುತ್ತಾರೆ?"

ಏನೋ ಇದ್ದೀತು. ನಾನು ಕಲಿಯಲಿಲ್ಲ,
ಬಂಗಡೆ ಎಂದೇ ಹೇಳಿದೆ.
ಎಸ್ತಾನಿಸ್ಲಾ ಈಗ ಹಾಗೆಯೇ ಅನ್ನುತ್ತಾಳೆ, ಡಕಾರ ತಿರುಗದೆ
'ಬಂಗದೆ'. ಮೊಮ್ಮಗಳಿಗೂ ಕಲಿಸಿದ್ದಾಳೆ.
ನಾನು ದಾಟಿಸಿದ್ದು ಅದೊಂದೇ.

"ಎಣಿಸು," ಮಾವ್ಶಿ ಬುಟ್ಟಿ ನೂಕುತ್ತಾಳೆ.
"ಬಿಸಿಲೇರಿದರೆ ಕಿವಿರು ಕಪ್ಪಾಗುತ್ತದೆ."

ಎಲ್ಲಿಗೆ ಬಂದಿದ್ದೆನೋ ಮರೆತಿದ್ದೇನೆ.
ಒಂದು, ದೋಸ್.