ಇಪ್ಪತ್ತೆರಡು ಡಿಗ್ರಿ

ಉಮಕಾವೊದಲ್ಲಿ ಕರೆಂಟು ಹೋದದ್ದು
ರಾತ್ರಿ ಒಂದೂವರೆಗೆ.
ಜನರೇಟರು ಕೆಮ್ಮಿ ಎದ್ದು
ದೀಪಕ್ಕೆ, ಮಾತ್ರೆ ಒತ್ತುವ ಯಂತ್ರಕ್ಕೆ ಸಾಕಾಯಿತು,
ತಂಪು ಗಾಳಿಗೆ ಸಾಲಲಿಲ್ಲ.

ಗೋಡೆಯ ಕೆಂಪು ಅಂಕಿ ಇಪ್ಪತ್ತೆರಡು ಬಿಟ್ಟು
ಇಪ್ಪತ್ತಾರಾಯಿತು, ಇಪ್ಪತ್ತೊಂಬತ್ತು.
ಮಿಗ್ಡಾಲಿಯಾ ಹಣೆ ಒರೆಸಿಕೊಳ್ಳುವಂತಿಲ್ಲ,
ಕೈಗವಸಿನ ಮೇಲೊಂದು ಕೈಗವಸು.

ಸಂಜೆ ಇದೇ ಪುಡಿ
ಹಾಪರಿನ ಸ್ಟೀಲು ಕೊರಳಲ್ಲಿ ನೀರಿನ ಹಾಗೆ ಇಳಿದಿತ್ತು.
ಸಾನ್ ಹುವಾನಿನ ವ್ಯಾನು ಹತ್ತಿದ ಜನರಂತೆ
ಒಂಚೂರು ಸರಿ, ಇನ್ನೊಂಚೂರು, ಎನ್ನುತ್ತ
ಭುಜಕ್ಕೆ ಭುಜ ಜಾರಿಸಿ ಕೂತಿತ್ತು.
ಈಗ ಬಿಸಿ ತಾಗಿದ್ದೇ ತಡ
ಕಂಡ ಕಂಡ ಕಣವನ್ನು ತಬ್ಬಿಕೊಂಡು ನಿಂತುಬಿಟ್ಟಿದೆ.
ತಬ್ಬಿ ನಿಂತವರು ಸರಿಯುವುದಿಲ್ಲ;
ಅವರ ನಡುವೆ ಖಾಲಿಯೇ ಹೆಚ್ಚು.

ಐವತ್ತು ಗ್ರಾಂ ತೂಗಿ ಗಾಜಿನ ನಳಿಗೆಗೆ ಸುರಿದಳು.
ಸಂಜೆ ತೊಂಬತ್ತನೇ ಗೆರೆ, ತಟ್ಟಿದ ಮೇಲೆ ಎಪ್ಪತ್ತೆಂಟು.
ಈಗ ನೂರ ಎಂಟು.
ಟಕಟಕ ಐನೂರು ಸಲ ತಟ್ಟಿದರೂ ಎಂಬತ್ತೊಂದಕ್ಕೇ ಮುನಿಸು.

'ಜ್ವರದ ಮಾತ್ರೆಗೇ ಜ್ವರ' ಎಂದು ನಕ್ಕ ಎಲಿಯೆಸೆರ್,
ರಬ್ಬರಿನ ಸುತ್ತಿಗೆ ಎತ್ತಿಕೊಂಡ:
'ಎರಡು ಬಾರಿಸಿದರೆ ಬೀಳುತ್ತೆ.'
'ಬೀಳುತ್ತೆ. ಗಡ್ಡೆಗಡ್ಡೆಯಾಗಿ.
ಒಂದು ಮಾತ್ರೆಗೆ ಹೆಚ್ಚು, ಒಂದಕ್ಕೆ ಕಡಿಮೆ.
ಕಡಿಮೆಯದು ಯಾವ ಮಗುವಿನ ಬಾಯಿಗೆ, ಹೇಳು?'
ಅಚ್ಚಿನ ಮುಖಕ್ಕೂ ಪುಡಿ ಅಂಟಿತ್ತು.
ಕೊನೆಯ ತಟ್ಟೆಯ ಮಾತ್ರೆಗಳ ಮೇಲೆ
ಕಂಪನಿಯ ಅಕ್ಷರ ಅರ್ಧ ಮಾತ್ರ.

ಅಜ್ಜಿಯ ಉಪ್ಪಿನ ಡಬ್ಬಿಯಲ್ಲಿ
ಹತ್ತು ಕಾಳು ಅಕ್ಕಿ ಸದಾ ಇರುತ್ತಿತ್ತು;
ಕಡಲ ಗಾಳಿಯ ಪಸೆ ಅಕ್ಕಿಗೆ, ಉಪ್ಪು ನಮಗೆ.
ಇಲ್ಲೂ ಚಿಟಿಕೆ ಸಿಲಿಕಾ ಬೆರೆಸುತ್ತಾರೆ,
ಕಣ ಕಣದ ನಡುವೆ ಜಗಳ ಹಚ್ಚಲು.
ಮೂವತ್ತೊಂದರಲ್ಲಿ ಅದಕ್ಕೂ ಕೈಸೋತಿದೆ.

ಕೆಂಪು ಗುಂಡಿ ಒತ್ತಿದಳು.
ಯಂತ್ರ ನಿಂತಾಗ ಹೊರಗಿನ ಕಪ್ಪೆಗಳು ಕೇಳಿಸಿದವು:
ಕೋಕೀ, ಕೋಕೀ. ಆರು ವರ್ಷದಲ್ಲಿ
ಈ ಕೋಣೆಯೊಳಗೆ ಅವು ಕೇಳಿಸಿದ್ದು ಇದೇ ಮೊದಲು.
ಪುಸ್ತಕದಲ್ಲಿ ಬರೆದಳು: ಎರಡು ನಲವತ್ತು. ನಿಲ್ಲಿಸಿದೆ.
ಕಾರಣದ ಖಾನೆಯಲ್ಲಿ, ಸೆಕೆ,
ಎಂದು ಬರೆದು, ಹೊಡೆದು, ಉಷ್ಣಾಂಶ ಎಂದು ತಿದ್ದಿದಳು.

ಬೆಳಗಿನ ಐದಕ್ಕೆ ತಂಪು ಗಾಳಿ ಬಂತು.
ಅಂಕಿ ಇಳಿಯಿತು, ಮೆಟ್ಟಿಲಿಳಿಯುವ ಮುದುಕನ ಹಾಗೆ,
ಇಪ್ಪತ್ತೆರಡಕ್ಕೆ ಬಂದು ನಿಂತಿತು.
ಪುಡಿ ಮಾತ್ರ ಹಿಂದಿರುಗಲಿಲ್ಲ.
ಹಾಪರಿನ ಬಾಯಲ್ಲಿ ಬಿಳಿ ಕಮಾನು ಹಾಗೇ ಇತ್ತು.
ಕೈ ಹಾಕಿ ಒಂದು ಗಡ್ಡೆ ಮುರಿದುಕೊಂಡಳು,
ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದಳು.
ಒಡೆಯಲಿಲ್ಲ ಅದು,
ಕೈಗವಸಿನ ಗೆರೆಗಳನ್ನು
ಮೈಮೇಲೆ ಮೂಡಿಸಿಕೊಂಡಿತು.