ಲೋಪಸಂಧಿ

ಇಂಗ್ಲಿಷ್ ಮಾಸ್ತರು ವರ್ಗವಾಗಿ ಹೋದರು,
ಖಾಲಿ ಹುದ್ದೆ ಖಾಲಿಯೇ ಉಳಿಯಿತು,
ಒಂಬತ್ತನೇ ಕ್ಲಾಸಿನ ಮಧ್ಯಾಹ್ನದ ಪೀರಿಯಡ್ಡು
ಬಂದು ನನ್ನ ಕೊರಳಿಗೆ ಬಿತ್ತು.
ನಾನು ಕನ್ನಡದವನು. ಇಪ್ಪತ್ತೊಂದು ವರ್ಷ
ಲೋಪ, ಆಗಮ, ಆದೇಶ ಎಂದು ಗಂಟಲು ಹರಿದುಕೊಂಡವನು.
ಹೆಡ್‌ಮಾಸ್ತರು ಬೆನ್ನು ಕಿತ್ತ ಗೈಡೊಂದನ್ನು ಕೈಗಿಟ್ಟು
'ಜೋಡಿಪದ, ನುಡಿಗಟ್ಟು ಇಷ್ಟ ಮಾಡ್ರಿ ಸಾಕು,
ಐದು ಮಾರ್ಕು ಎಲ್ಲೂ ಹೋಗಂಗಿಲ್ಲ' ಅಂದರು.

ಮೊದಲ ದಿನ ಬಟರ್‌ಫ್ಲೈ.
ಚಟ ಬಿಡಲಿಲ್ಲ, ವಿಗ್ರಹವಾಕ್ಯ ಕೇಳಿದೆ.
ಬೆಣ್ಣೆಯ ನೊಣ, ತತ್ಪುರುಷ ಅಂತ ಒಬ್ಬ.
ಬೆಣ್ಣೆಯೂ ನೊಣವೂ, ದ್ವಂದ್ವ ಅಂತ ಇನ್ನೊಬ್ಬಳು.
'ಬೆಣ್ಯಾಗ ಬಿದ್ದ ನೊಣ ತಗದು ಒಗೀಬೇಕ್ರಿ ಸರ,
ಅದಕ್ಯಾಕ ಸಮಾಸ?'
ಹಿಂದಿನ ಬೆಂಚಿನಿಂದ ಯಂಕೋಬ.
ನಗು ಮೇಲಿನ ತಗಡಿಗೆ ಬಡಿದು ಬಂತು.
ಪಾತರಗಿತ್ತಿ ಎಂದು ಬರೆದು ಕೈ ತೊಳೆದುಕೊಂಡೆ;
ಅದನ್ನು ಬಿಡಿಸಿ ಹೇಳ್ರಿ ಅಂತ ಯಾರೂ ಕೇಳಲಿಲ್ಲ, ಪುಣ್ಯ.

ಮರುದಿನ ಬ್ರೇಕ್ ದಿ ಐಸ್.
ಹೊರಗೆ ರಾಯಚೂರಿನ ಮಾರ್ಚು,
ನಲ್ಲಿ ತಿರುವಿದರೆ ಚಹಾಕ್ಕಾಗುವಷ್ಟು ಕಾದ ನೀರು.
ಗುರುತಿಲ್ಲದವರ ನಡುವಿನ ಬಿಗುವು ಮುರಿಯುವುದು,
ಗೈಡಿನಲ್ಲಿ ಇದ್ದದ್ದು ಅಷ್ಟೇ.
ಶೇಕ್ಷಾವಲಿ ಎದ್ದ. ಗಂಜ್ ಗೇಟಿನ ಮುಂದೆ ಅವರಪ್ಪನ ಸೋಡಾ ಬಂಡಿ.
'ನಾ ದಿನಾ ಮುರೀತೀನ್ರಿ ಸರ.
ಗೋಣಿಚೀಲದಾಗ ಸುತ್ತಿ ಬಡಿಗೀಲೆ ಎರಡು ಹಾಕಿದ್ರ
ಚೂರು ಆರಿಸ್ಕೊಳ್ಳಾಕ ಯಾರ್ಯಾರೋ ಹುಡುಗ್ರು ಬರ್ತಾರ,
ಬಾಯಾಗ ಬರಫು ಇಟಗೊಂಡ
ಹೆಸರು ಕೇಳ್ತಾರ.'
ಗೈಡು ಮುಚ್ಚಿದೆ. ಅದೇ ಅರ್ಥ, ಕೂಡಪ್ಪ.

ಮೂರನೆಯ ದಿನ
ಆ್ಯನ್ ಆರ್ಮ್ ಆ್ಯಂಡ್ ಎ ಲೆಗ್.
ಕೈಕಾಲು ಕೊಟ್ಟು ಕೊಂಡಂತೆ, ಅಂದರೆ ಬಲು ತುಟ್ಟಿ.
ಬಂಗಾರ ಅಂದೆ. ಪೆಟ್ರೋಲು ಅಂದರು. ಟೊಮ್ಯಾಟೊ ಅಂದರು.
ಹುಲಿಗೆಮ್ಮ ಎದ್ದು ನಿಂತಳು, ಎಂದೂ ಏಳದವಳು.
'ಸರ, ಬರೀ ಕೈ ಆದ್ರ?
ಹತ್ತಿ ಜಿನ್ನಿನ್ಯಾಗ ನಮ್ಮವ್ವಂದು ಬಲಗೈ ಹೋತು, ಮೊಣಕೈ ತನಕ.
ಅರವತ್ತು ಸಾವಿರ ಕೊಟ್ಟು
ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡ್ರು.
ಅದು ತುಟ್ಟಿನೋ, ಸೋವಿನೋ?'

ಯಂಕೋಬ ನಗಲಿಲ್ಲ.

ಎರಡು ಕೂಡುವ ಕಡೆ ಮೊದಲಿನದರ ತುದಿ ಲೋಪವಾಗುತ್ತದೆ.
ಊರು, ಊರು, ಊರೂರು.
ತಪ್ಪಿದವರಿಗೆ ಹತ್ತು ಸಲ ಬರೆಸಿದ್ದೇನೆ.
ರೋಲರ್ರು, ಕೈ,
ಈ ಉದಾಹರಣೆ ಒಂದು ವರ್ಷವೂ ಬೋರ್ಡಿಗೆ ಬಂದಿರಲಿಲ್ಲ.
ಸೂತ್ರದ ಮೊದಲಿಗೇ ಇದೆ ನೋಡಿ, ನಾವು ಓಡಿಸಿಕೊಂಡು ಹೋಗುವ ಮಾತು:
ಅರ್ಥ ಕೆಡದಿದ್ದರೆ ಮಾತ್ರ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು.
ಹುಲಿಗೆಮ್ಮ ಗೈಡಿನಲ್ಲಿದ್ದಂತೆಯೇ ಬರೆದಿದ್ದಳು,
ದುಂಡಗೆ, ಸ್ಪೆಲಿಂಗು ತಪ್ಪದೆ: ವೆರಿ ಎಕ್ಸ್‌ಪೆನ್ಸಿವ್.
ಪೂರ್ತಿ ಮಾರ್ಕು ಹಾಕಿದೆ.
ಸರಿ ಗುರುತು ಮಾತ್ರ
ಹಾಕಲಾಗಲಿಲ್ಲ.